ಬ್ಯಾರನ್ ಗೋಡೆಯ ಮೇಲೆ ಬರೆದ ಊರು

ಹೆಗ್ಗಡದೇವನಕೋಟೆ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ಯಾವ ಮೇಷ್ಟ್ರು ರಜೆ ಹಾಕಿದರೂ ಆ ಪೀರಿಯಡ್ಡಿಗೆ ನನ್ನನ್ನು ತಳ್ಳುತ್ತಿದ್ದರು. ಆಗಸ್ಟ್ ಹದಿನೈದಕ್ಕೆ ಧ್ವಜಕಂಬದ ಸುತ್ತ ರಂಗೋಲಿ, ದೊಡ್ಡವರು ಬಂದರೆ ಬ್ಯಾನರು, ಚುನಾವಣೆ ಬಂದರೆ ಗೋಡೆಯ ಮೇಲೆ ಮತಗಟ್ಟೆಯ ನಂಬರು, ಎಲ್ಲಕ್ಕೂ ನಾನೇ. ಹೀಗಾಗಿ ತೊಂಬತ್ತರ ದಶಕದ ನಡುವೆ ಒಂದು ವರ್ಷ ಮಕ್ಕಳನ್ನು ಮೈಸೂರಿಗೆ ಪ್ರವಾಸ ಕರೆದುಕೊಂಡು ಹೋಗುವ ಕೆಲಸವೂ ನನ್ನ ತಲೆಗೇ ಬಂತು. ಹೆಣ್ಣುಮಕ್ಕಳನ್ನು ನೋಡಿಕೊಳ್ಳಲು ಶಾಲೆಯ ಆಯಮ್ಮ ಜೊತೆಗೆ ಬಂದಿದ್ದರು.

ಮಧ್ಯಾಹ್ನ ಒಂದು ವಸ್ತುಸಂಗ್ರಹಾಲಯಕ್ಕೆ ಹೋದೆವು. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಂದು ಬೀಸುವ ಕಲ್ಲಿತ್ತು. ಆಯಮ್ಮ ಅದರ ಮುಂದೆ ನಿಂತುಬಿಟ್ಟರು. ಮೇಲಿನ ಕಲ್ಲನ್ನು ಮಗುಚಿ ಇಟ್ಟಿದ್ದರು. ಕಾಳು ಅರೆಯುವ ಒರಟು ಮುಖ ಆಕಾಶ ನೋಡುತ್ತಿತ್ತು. ಕಾವಲುಗಾರನನ್ನು ಕರೆದು, "ಅಣ್ಣ, ಇದುನ್ನ ತಿರುಗ್ಸಿ ಇಡಿ, ಇಂಗಿಟ್ರೆ ರಾಗಿ ಎಂಗೆ ಬೀಸಾದು?" ಎಂದರು. ಅವನು ಗಾಜಿನ ಮೇಲೆ ಕೋಲಿನಿಂದ ಟಕ್ ಎನಿಸಿ, "ಮುಂದಕ್ಕೆ ನಡೀರಿ, ಮುಟ್ಬೇಡಿ" ಎಂದ. ಆಯಮ್ಮ ಮುಟ್ಟಿರಲೇ ಇಲ್ಲ. ವಾಪಸು ಹೊರಟಾಗ ಬಸ್ಸಿನಲ್ಲಿ ಅವರು ನನ್ನ ಪಕ್ಕ ಬಂದು ಕೂತರು. ಆಮೇಲೆ, "ನಾನೇನ್ ತಪ್ಪು ಯೋಳುದ್ನ ಮೇಷ್ಟ್ರೆ?" ಎಂದು ಕೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಇಂಥವರ ಮ್ಯೂಸಿಯಮ್ಮಿಗಿಂತ ಚೆನ್ನಾಗಿರುವುದನ್ನು ನಾನೇ ನಮ್ಮೂರಲ್ಲಿ ಮಾಡುತ್ತೇನೆ ಎಂದು ಅಲ್ಲೇ ತೀರ್ಮಾನಿಸಿದೆ.

ಜಾಗ ಸುಲಭವಾಗಿ ಸಿಕ್ಕಿತು. ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯಿಂದ ಸ್ವಲ್ಪ ದೂರದಲ್ಲಿ, ರಸ್ತೆಯ ಪಕ್ಕ, ಒಬ್ಬ ಗೌಡರ ಹಳೇ ಬ್ಯಾರನ್ ಖಾಲಿ ಬಿದ್ದಿತ್ತು. ಹೊಗೆಸೊಪ್ಪು ಬೇಯಿಸುವ ಆ ಎತ್ತರದ ಮನೆಗೆ ಕಿಟಕಿಯೆಂಬುದಿಲ್ಲ; ಮೇಲೆ ಗಾಳಿಗಂಡಿ, ಒಳಗೆ ಸೊಪ್ಪು ನೇತುಹಾಕುವ ಅಡ್ಡ ಬಿದಿರುಗಳು, ನಾಲ್ಕು ಕಡೆ ಮಣ್ಣು ಮೆತ್ತಿದ ಗೋಡೆ. ಗೌಡರು ಬೋರ್‌ವೆಲ್ಲಿನ ಹತ್ತಿರ ಹೊಸದು ಕಟ್ಟಿಸಿಕೊಂಡಿದ್ದರು. "ತಗಳಿ ಮೇಷ್ಟ್ರೆ, ಆವು ಗೀವು ಇದ್ದಾವು, ನೋಡ್ಕಳಿ" ಎಂದಷ್ಟೇ ಹೇಳಿದರು.

ನಾನು ಮಾಡಿದ್ದೇನೆಂದು ನೆನೆಸಿಕೊಂಡರೆ ಈಗಲೂ ನನ್ನ ಮೇಲೇ ಸಿಟ್ಟು ಬರುತ್ತದೆ. ಮನೆಮನೆಗೆ ಹೋಗಿ ಒನಕೆ, ಸೇರು, ಕೂರಿಗೆ, ಮೊರ ಕೇಳಿ ತಂದೆ. ಶಾಲೆಯ ಮುರಿದ ಡೆಸ್ಕುಗಳ ಮೇಲೆ ಜೋಡಿಸಿದೆ. ದುಂಡಗಿನ ಅಕ್ಷರದಲ್ಲಿ ಚೀಟಿ ಬರೆದು ಅಂಟಿಸಿದೆ. ಸುತ್ತ ಹಗ್ಗ ಕಟ್ಟಿ, ಬಾಗಿಲಲ್ಲಿ ಕೆಂಪು ಬಣ್ಣದ ಬೋರ್ಡು ಹಾಕಿದೆ: ಯಾವುದನ್ನೂ ಮುಟ್ಟಬಾರದು.

ಮೊದಲನೇ ವಾರ ಯಾರೂ ಬರಲಿಲ್ಲ. ಎರಡನೇ ವಾರ ಆಯಮ್ಮ ಬಂದು ಬಾಗಿಲಲ್ಲೇ ನಿಂತರು. ಬೋರ್ಡನ್ನು ಅಕ್ಷರ ಅಕ್ಷರ ಕೂಡಿಸಿ ಓದಿದರು.

"ಇದುನ್ನ ನೀವೇ ಬರುದ್ರಾ?"

"ಹೌದು."

"ಅಲ್ಲ ಕಣ್ ಮೇಷ್ಟ್ರೆ, ಮೊರ ಕೊಟ್ಟೋಳು ನಾನು. ನಾನೇ ಮುಟ್ಬಾರ್ದು ಅಂದ್ರೆ ಎಂಗೆ?"

ನನಗೆ ನಾಚಿಕೆಯಾಯಿತು. ಬೋರ್ಡು ಕಿತ್ತೆ, ಹಗ್ಗ ಬಿಚ್ಚಿದೆ. ಜನ ಬರತೊಡಗಿದರು, ಬಂದವರು ಸುಮ್ಮನೆ ನೋಡಿ ಹೋಗಲಿಲ್ಲ, ಬೇಕಾದ್ದನ್ನು ಎತ್ತಿಕೊಂಡು ಹೋದರು. ಮದುವೆಯ ಶಾಸ್ತ್ರಕ್ಕೆಂದು ಒನಕೆ ಹೋಯಿತು. ತಿಂಗಳ ಮೇಲೆ ವಾಪಸು ಬಂದದ್ದು ಬೇರೆ ಒನಕೆ. ಬಿತ್ತನೆಗೆ ಕೂರಿಗೆ ಹೋಯಿತು. ಸೇರು ಹೋದದ್ದು ಬರಲೇ ಇಲ್ಲ. ಖಾಲಿ ಡೆಸ್ಕಿನ ಮೇಲೆ ನನ್ನ ಚೀಟಿಗಳು ಮಾತ್ರ ಉಳಿದವು. ಸ್ಟಾಫ್ ರೂಮಿನಲ್ಲಿ ಎಲ್ಲರೂ ನಗುತ್ತಿದ್ದರು. ಇದನ್ನೆಲ್ಲ ಬಿಟ್ಟುಬಿಡೋಣ ಎಂದು ನಾನು ಅಂದುಕೊಂಡದ್ದು ಎಷ್ಟು ಸಲವೋ.

ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಹೋದರೆ ಆಯಮ್ಮ ಒಳಗಿದ್ದರು. ಚಿಪ್ಪಿನಲ್ಲಿ ಸುಣ್ಣ ಕಲಸಿಕೊಂಡು, ಬೆರಳಲ್ಲಿ ಅದ್ದಿ, ಮಣ್ಣುಗೋಡೆಯ ಮೇಲೆ ಗೆರೆ ಎಳೆಯುತ್ತಿದ್ದರು. ಚಿಕ್ಕ ಚಿಕ್ಕ ಚೌಕಗಳು, ನಡುವೆ ಒಂದು ಬೀದಿ, ಕೆಳಗೆ ಉದ್ದಕ್ಕೆ ಹೊಳೆ.

"ಏನಿದು ಆಯಮ್ಮ?"

"ನಮ್ಮೂರು."

ಅವರ ಊರು ಕಬಿನಿ ಜಲಾಶಯದ ಹಿನ್ನೀರಿನಲ್ಲಿ ಮುಳುಗಿಹೋದ ಊರುಗಳಲ್ಲೊಂದು. ಊರು ಬಿಡುವಾಗ ಆಯಮ್ಮ ಹೊಸ ಸೊಸೆ. ಎಲ್ಲರನ್ನೂ ತಂದು ಇಲ್ಲಿ ಕಾಲೋನಿಯಲ್ಲಿ ಇಟ್ಟರಂತೆ. ಅಷ್ಟು ವರ್ಷ ಒಂದೇ ಶಾಲೆಯಲ್ಲಿದ್ದರೂ ನಾನು ಅದನ್ನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ಮುಂದಿನ ವಾರ ಹ್ಯಾಂಡ್‌ಪೋಸ್ಟಿನಲ್ಲಿ ಟೀ ಅಂಗಡಿ ಇಟ್ಟಿದ್ದ ಮುದುಕರೊಬ್ಬರು ಬಂದರು. ಅವರೂ ಅದೇ ಊರಿನವರು. ಗೋಡೆಯನ್ನು ಒಂದು ನಿಮಿಷ ನೋಡಿ, "ಬಾವಿ ತಪ್ಪಾಗದೆ ಕಣಮ್ಮಿ. ಬಾವಿ ಇದ್ದುದ್ದು ಅತ್ತಿಮರದ ಈಚೆಗೆ" ಎಂದರು.

"ಈಚೆಗೆ ಎಲ್ಲಿತ್ತಣ್ಣ? ದಿನಾ ನೀರ್ ಸೇದಿದ್ದು ನಾನಾ ನೀನಾ?"

"ಆ ಬಾವಿ ತೋಡ್ದೋನು ನಮ್ಮಪ್ಪ ಕಣಮ್ಮಿ!"

ಅಲ್ಲಿಂದ ಶುರುವಾಯಿತು. ಕಾಲೋನಿಯವರು ಒಬ್ಬೊಬ್ಬರಾಗಿ ಬಂದರು. ಹೊಗೆಸೊಪ್ಪಿನ ಎಲೆ ವಿಂಗಡಿಸುವ ಗ್ರೇಡಿಂಗ್ ಕೆಲಸ ಮುಗಿಸಿಕೊಂಡು ಹೆಂಗಸರು ಸಂಜೆ ಬರುತ್ತಿದ್ದರು. ಪ್ರತಿಯೊಬ್ಬರಿಗೂ ತಮ್ಮ ಮನೆ ತಾವೇ ಬರೆಯಬೇಕು, ಪ್ರತಿಯೊಬ್ಬರ ಮನೆಯೂ ಪಕ್ಕದವರದ್ದಕ್ಕಿಂತ ಒಂದು ಗೇಣು ದೊಡ್ಡದು. ಇದೇ ನಿಜವಾದ ಮ್ಯೂಸಿಯಂ ಎಂದು ನನಗೆ ಹೊಳೆದದ್ದು ಆಗ. ಹಾಗೆ ಹೊಳೆದರೂ ನನ್ನೊಳಗಿನ ಡ್ರಾಯಿಂಗ್ ಮೇಷ್ಟ್ರು ಸುಮ್ಮನಿರಬೇಕಲ್ಲ. ನಕ್ಷೆಯಲ್ಲಿ ಉತ್ತರ ದಿಕ್ಕು ಮೇಲಿರಬೇಕು ಎಂದು ಹೇಳಲು ಹೋದೆ.

"ನಮ್ಮೂರಲ್ಲಿ ಮೇಲೆ ಅಂದ್ರೆ ಮಾರಮ್ಮನ ಗುಡಿ ಕಡೆ" ಎಂದರು ಆಯಮ್ಮ. ಮಾತು ಅಲ್ಲಿಗೆ ಮುಗಿಯಿತು.

ನಾನು ಬೇರೆ ದಾರಿ ಕಾಣದೆ ಡ್ರಾಯಿಂಗ್ ಷೀಟುಗಳನ್ನು ಅಂಟಿಸಿಕೊಂಡು ಗೋಡೆಯಲ್ಲಿದ್ದದ್ದನ್ನು ಅಳತೆ ಹಿಡಿದು ನಕಲು ಮಾಡತೊಡಗಿದೆ. ನಾನು ಒಂದು ಬೀದಿ ಮುಗಿಸುವಷ್ಟರಲ್ಲಿ ಅವರು ಅದನ್ನು ಒರೆಸಿ ಬೇರೆ ಬರೆದಿರುತ್ತಿದ್ದರು.

ಅಷ್ಟರಲ್ಲಿ ಸೂರಿನ ಹೆಂಚು ಒಡೆದು ಸೋರಲು ಶುರುವಾಯಿತು. ತಾಲ್ಲೂಕು ಕಚೇರಿಗೆ ಅರ್ಜಿ ಹಾಕಿದೆ. ಆಶ್ಚರ್ಯವೆಂದರೆ ಒಬ್ಬ ಅಧಿಕಾರಿ ಜೀಪಿನಲ್ಲಿ ಬಂದೇಬಿಟ್ಟರು. ಒಳ್ಳೆಯ ಮನುಷ್ಯರೇ. ಗೋಡೆ ನೋಡಿ, "ಬಹಳ ಚೆನ್ನಾಗಿದೆ. ಇದನ್ನು ಉಳಿಸ್ಬೇಕು. ಇನ್ಮೇಲೆ ಯಾರೂ ಗೀಚದ ಹಾಗೆ ನೋಡ್ಕೊಳ್ಳಿ" ಎಂದರು.

"ಇನ್ನೂ ಮೂರು ಮನೆ ಬಾಕಿ ಅವೆ ಸಾ" ಎಂದರು ಆಯಮ್ಮ. ಅಧಿಕಾರಿ ಅದನ್ನು ಕೇಳಿಸಿಕೊಳ್ಳಲಿಲ್ಲ. ನನ್ನ ಕೈಗೆ ಎಸ್ಟಿಮೇಟಿನ ಹಾಳೆಗಳನ್ನು ಕೊಟ್ಟರು. ಹೆಂಚು ಸಿಗುತ್ತದಲ್ಲ ಎಂಬ ಖುಷಿಯಲ್ಲಿ ನಾನು ಸಹಿ ಹಾಕಿದೆ.

ಬೇಸಿಗೆಯಲ್ಲಿ ಹತ್ತು ದಿನದ ತರಬೇತಿಗೆಂದು ಮೈಸೂರಿಗೆ ಹೋಗಿದ್ದೆ. ವಾಪಸು ಬಂದು ಬಸ್ಸಿಳಿದವನೇ ಚೀಲದ ಸಮೇತ ಬ್ಯಾರನ್ನಿಗೆ ನಡೆದೆ. ಸೂರಿನ ಮೇಲೆ ಹೊಸ ಹೆಂಚು ಕೂತಿತ್ತು. ಬಾಗಿಲು ತೆರೆದೆ. ಒಳಗೆ ನಾಲ್ಕು ಗೋಡೆಗಳೂ ಬೆಳ್ಳಗೆ ಹೊಳೆಯುತ್ತಿದ್ದವು. ಒಬ್ಬ ಕೆಲಸಗಾರ ಬಕೆಟ್ಟು ತೊಳೆಯುತ್ತಿದ್ದ.

"ಏನ್ ಮಾಡಿದ್ಯಪ್ಪ ಇದು?" ಚೀಲವನ್ನು ಬಾಗಿಲಲ್ಲೇ ಎಸೆದು ಕೇಳಿದೆ.

"ಎರಡು ಕೋಟ್ ಒಡ್ದಿವ್ನಿ ಸಾ. ಯಾರೋ ಗೋಡೆ ತುಂಬ ಗಲೀಜ್ ಮಾಡ್ಬುಟ್ಟಿದ್ರು, ಉಜ್ಜಿ ಉಜ್ಜಿ ಸಾಕಾಯ್ತು" ಎಂದು ಅವನು ಹೆಮ್ಮೆಯಿಂದ ಹೇಳಿದ.

ಅವನನ್ನು ಬೈದೆ. ಮಾರನೇ ದಿನ ತಾಲ್ಲೂಕು ಕಚೇರಿಗೆ ಹೋಗಿ ಕೂಗಾಡಿದೆ. ಅಧಿಕಾರಿ ಫೈಲು ತರಿಸಿ, ಸಮಾಧಾನವಾಗಿ ಒಂದು ಸಾಲಿನ ಮೇಲೆ ಬೆರಳಿಟ್ಟರು: ಒಳಗೋಡೆಗೆ ಸುಣ್ಣ ಬಳಿಯುವುದು. "ಗೋಡೆ ಉಳಿಸ್ಬೇಕು ಅಂತಾನೇ ಸುಣ್ಣ ಸೇರಿಸಿದ್ದು. ಕೆಳಗೆ ನಿಮ್ಮ ಸಹಿ ಇದೆಯಲ್ಲ ಮೇಷ್ಟ್ರೆ." ಇತ್ತು. ನನ್ನದೇ ದುಂಡಗಿನ ಅಕ್ಷರ. ಓದದೆ ಸಹಿ ಹಾಕಿದ್ದೆ. ಅವರ ಮೇಲೆ ಎಷ್ಟು ಸಿಟ್ಟಿತ್ತೋ ಅಷ್ಟನ್ನೂ ಮಡಚಿಕೊಂಡು ಮನೆಗೆ ಬಂದೆ.

ಆಯಮ್ಮನಿಗೆ ನಾನೇ ಹೇಳಬೇಕಾಯಿತು. ಕರೆದುಕೊಂಡು ಹೋಗಿ ತೋರಿಸಿದೆ, ಸಹಿಯ ವಿಷಯವನ್ನೂ ಮುಚ್ಚಿಡಲಿಲ್ಲ. ಅವರು ಬಿಳೀ ಗೋಡೆಗೆ ಅಂಗೈ ಇಟ್ಟರು. "ಆವತ್ತು ನೀರು ಬುಟ್ರು, ಈಗ ಸುಣ್ಣ ಬಳುದ್ರು" ಎಂದು ಹೇಳಿ ಹೊರಟುಹೋದರು. ಎರಡು ವಾರ ನನ್ನ ಜೊತೆ ಮಾತಿಲ್ಲ. ಟೀ ಅಂಗಡಿಯ ಮುದುಕರು ನನ್ನ ಮುಂದೆ ಲೋಟವನ್ನು ಕುಕ್ಕಿ ಇಟ್ಟು ಆ ಕಡೆ ತಿರುಗುತ್ತಿದ್ದರು.

ನನ್ನ ಹತ್ತಿರ ಷೀಟುಗಳ ನಕಲಿತ್ತು. ಅದನ್ನು ನೋಡಿಕೊಂಡು ಮತ್ತೆ ಬರೆಯಬಹುದಲ್ಲ ಎಂಬುದೊಂದೇ ಧೈರ್ಯ. ಒಂದು ಭಾನುವಾರ ಎಲ್ಲರನ್ನೂ ಬೇಡಿಕೊಂಡು ಕರೆಸಿದೆ, ಆಯಮ್ಮನೂ ಬಂದರು. ಷೀಟನ್ನು ಗೋಡೆಗೆ ಮೊಳೆ ಹೊಡೆದು ಹರಡಿದೆ. ಎಷ್ಟು ಅಚ್ಚುಕಟ್ಟಾಗಿತ್ತು! ಮುದುಕರು ಕಣ್ಣು ಕಿರಿದು ಮಾಡಿ ನೋಡಿದರು.

"ಇದು ನಿಮ್ ಕೈ ಬರವಣ್ಗೆ. ನೀವೇ ಮಡಿಕ್ಕಳಿ" ಎಂದರು.

ಆಯಮ್ಮ ಸೆರಗಿನ ಗಂಟು ಬಿಚ್ಚಿದರು. ಅದರಲ್ಲಿ ಕೆಮ್ಮಣ್ಣಿನ ಹೆಂಟೆಯಿತ್ತು. ಬಿಳೀ ಗೋಡೆಗೆ ಕೆಂಪೇ ಬೇಕು ಎಂದು ಮನೆಯಿಂದಲೇ ಯೋಚಿಸಿಕೊಂಡು ಬಂದಿದ್ದರು. ನೀರಲ್ಲಿ ಕಲಸಿ, ಮಾರಮ್ಮನ ಗುಡಿಯಿಂದ ಶುರುಮಾಡಿದರು. ಬಾವಿಯ ಜಾಗಕ್ಕೆ ಬಂದಾಗ ಬೆರಳು ನಿಂತಿತು. ಮುದುಕರ ಕಡೆ ನೋಡಿ, ಅತ್ತಿಮರದ ಈಚೆಗೆ, ಅವರು ಹೇಳಿದ್ದ ಕಡೆಗೇ ಬಾವಿ ಬರೆದರು.

"ಅಲ್ಲಲ್ಲ ಕಣಮ್ಮಿ" ಎಂದರು ಮುದುಕರು. "ಆಗ್ಲಿಂದ ಯೋಚ್ನೆ ಮಾಡ್ತಾವ್ನಿ. ನೀನ್ ಯೋಳಿದ್ದೇ ಸರಿ. ಮರದ ಆಚೆಗೆ."

"ಇರ್ಲಿ ಬುಡಣ್ಣ, ನಿಮ್ಮಪ್ಪ ತೋಡುದ್ದು."

"ಆಚೆಗೆ ಅಂತೀನಿ, ಅಳ್ಸು!"

ನನಗೆ ತಡೆಯಲಾಗಲಿಲ್ಲ. "ಷೀಟಿನಲ್ಲಿ ನೋಡಿ ಅಂದ್ರೆ! ಅಳತೆ ಹಿಡಿದು ಬರೆದಿದ್ದೀನಲ್ಲ!" ಎಂದು ಕೂಗಿದೆ. ಒಬ್ಬರೂ ಆ ಕಡೆ ತಿರುಗಲಿಲ್ಲ. ಸಂಜೆಯ ಹೊತ್ತಿಗೆ ಆಯಮ್ಮ ನನ್ನ ಕೈಗೆ ಕೆಮ್ಮಣ್ಣಿನ ಚಿಪ್ಪು ಕೊಟ್ಟು, "ಇಡ್ಕಳಿ, ಒಣಗೋಯ್ತದೆ" ಎಂದರು. ಎರಡು ವಾರದ ಮೇಲೆ ನನ್ನೊಂದಿಗೆ ಆಡಿದ ಮೊದಲ ಮಾತು ಅದು. ಹಿಡಿದುಕೊಂಡು ನಿಂತೆ.

ಎರಡು ಸಾವಿರನೇ ಇಸವಿ ದಾಟಿದ ಮೇಲೆ ನನಗೆ ಪಿರಿಯಾಪಟ್ಟಣದ ಕಡೆಗೆ ವರ್ಗವಾಯಿತು. ಮೂರು ವರ್ಷ ಕಳೆದು ಒಮ್ಮೆ ಹ್ಯಾಂಡ್‌ಪೋಸ್ಟಿಗೆ ಬಂದವನು ಬ್ಯಾರನ್ನಿಗೆ ಹೋದರೆ, ಅರ್ಧ ಊರು ಗೊಬ್ಬರದ ಮೂಟೆಗಳ ಹಿಂದೆ ಮುಚ್ಚಿಹೋಗಿತ್ತು. ಗೌಡರಿಗೆ ದಾಸ್ತಾನಿಡಲು ಜಾಗ ಬೇಕಾಗಿತ್ತಂತೆ. ನಾನು ರೇಗಿದೆ. "ಕಾಲೋನಿಯವ್ರಿಗೆ ಬೇಕಾದಾಗ ಎತ್ತಿಟ್ಕತರೆ ಬುಡಿ ಮೇಷ್ಟ್ರೆ" ಎಂದರು ಗೌಡರು.

ಸುದ್ದಿ ತಿಳಿದು ಆಯಮ್ಮ ಬಂದರು. ಇಬ್ಬರೂ ಸೇರಿ ಮೂಟೆ ಸರಿಸಿದೆವು. ಮಾರಮ್ಮನ ಗುಡಿ, ಅತ್ತಿಮರ, ಬೀದಿ ಎಲ್ಲ ಕೆಂಪಗೆ ಹಾಗೇ ಇದ್ದವು. ಹೊಳೆಯಲ್ಲಿ ಮಾತ್ರ ಸಾಲಾಗಿ ಐದಾರು ಬಾತುಕೋಳಿಗಳು ತೇಲುತ್ತಿದ್ದವು.

"ನನ್ ಸೊಸೆ ಬರ್ದಿರಾದು" ಎಂದರು ಆಯಮ್ಮ, ಮುಖ ಗಂಟಿಕ್ಕಿಕೊಂಡು. "ಕೆ.ಆರ್. ನಗರದೋಳು. ನಮ್ಮೂರ ಕಣ್ಣಲ್ಲೂ ಕಂಡಿಲ್ಲ. ನಮ್ಮೂರಲ್ಲಿ ಬಾತುಕೋಳಿ ಇರ್ನಿಲ್ಲ ಕಣಮ್ಮಿ ಅಂದ್ರೆ ಕೇಳಾಕಿಲ್ಲ."

"ಅಳಿಸಿಬಿಡಬಹುದಿತ್ತಲ್ಲ ಆಯಮ್ಮ?"

ಅವರು ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದರು. "ಎಷ್ಟ್ ಚೆಂದಾಗ್ ಬರ್ದವ್ಳೆ ನೋಡಿ. ಎಂಗ್ ಅಳ್ಸಾದು?"