ಎರಡನೆಯ ಭಾಗ

ತೇನಿಯಲ್ಲಿ ನಮ್ಮ ಬೀದಿಯ ಗ್ರಂಥಪಾಲಕರು ಓದುಗರೊಂದಿಗೆಲ್ಲ ತಮಿಳು ಮಾತಾಡುತ್ತಿದ್ದರು. ನಮ್ಮಿಬ್ಬರ ಮನೆಮಾತಾದ ಕನ್ನಡವನ್ನು ಬೈಯುವುದಕ್ಕೆಂದೇ ಇಟ್ಟುಕೊಂಡಿದ್ದರು. ಸುತ್ತಲಿನವರಿಗೆ ತಿಳಿಯಬಾರದು, ಅಷ್ಟೆ. ಬೈಯುವಾಗ ಕನ್ನಡಕ ತೆಗೆದು ಒರೆಸುತ್ತಿದ್ದರೇ ಹೊರತು ಮುಖ ನೋಡುತ್ತಿರಲಿಲ್ಲ.

ಒಮ್ಮೆ ನಾನು ಅವರ ಗ್ರಂಥಾಲಯದಿಂದ ಹಳೆಯ ರಷ್ಯನ್ ಕಾದಂಬರಿಯೊಂದರ ತಮಿಳು ಅನುವಾದವನ್ನು ಅಂಗಿಯೊಳಗೆ ಸೇರಿಸಿಕೊಂಡು ಬಂದೆ. ಎರಡು ಭಾಗಗಳ ಪುಸ್ತಕ ಅದು. ಮೊದಲನೆಯದರಲ್ಲಿ ನಾಯಕ ತಪ್ಪು ಮಾಡಿ ಊಟ ಬಿಡುತ್ತಾನೆ. ಒಪ್ಪಿಕೊಳ್ಳುವುದು ಎರಡನೆಯದರಲ್ಲಿ. ನಾನು ಕದ್ದದ್ದು ಮೊದಲನೆಯದನ್ನು.

ಅವರಿಗೆ ಗೊತ್ತಾಗಿತ್ತು. ಅಂದಿನಿಂದ ಕ್ಷೌರದಂಗಡಿಯಲ್ಲಿ ಸಿಗಲಿ, ದ್ರಾಕ್ಷಿ ಗಾಡಿಯ ಮುಂದೆ ಸಿಗಲಿ, ಕನ್ನಡಕ ಒರೆಸುತ್ತ, "ಎರಡ್ನೇ ಭಾಗ ನಮ್ಮತ್ರಾನೇ ಅದೆ" ಎನ್ನುತ್ತಿದ್ದರು.

ಒಂದು ದಿನ ಆಂಡಿಪಟ್ಟಿ ಬಸ್ಸಿನಲ್ಲಿ, ತುಂಬಿದ ಜನರ ನಡುವೆ, ಗಟ್ಟಿಯಾಗಿಯೇ ಹೇಳಿದರು. ಯಾರಿಗೂ ಅರ್ಥವಾಗಲಿಲ್ಲ, ನನ್ನ ಹೆಂಡತಿಯೊಬ್ಬಳನ್ನು ಬಿಟ್ಟು. ಅವಳದೂ ಅದೇ ಮನೆಮಾತು.

"ಮೊದಲ್ನೇದು ಎಲ್ಲದೆ?" ಎಂದು ನನ್ನನ್ನು ಕೇಳಿದಳು.

ಅದು ಬೀರುವಿನಲ್ಲಿ, ಅವಳ ಸೀರೆಗಳ ಕೆಳಗಿತ್ತು.

ಮರುದಿನ ಪುಸ್ತಕವನ್ನು ಅವರ ಮೇಜಿನ ಮೇಲಿಟ್ಟೆ. "ನಾನೇ ಕದ್ದೆ, ಅಣ್ಣಾ. ತಪ್ಪಾಯ್ತು."

ಅವರು ಕನ್ನಡಕ ಒರೆಸಿದರು. ಹಾಕಿಕೊಂಡು ನನ್ನ ಮುಖ ನೋಡಿದರು. ಮೇಜಿನ ಖಾನೆಯಿಂದ ಎರಡನೆಯ ಭಾಗ ತೆಗೆದು ಮುದ್ರೆ ಒತ್ತಿ ಮುಂದೆ ತಳ್ಳಿ, ಎಲ್ಲರಿಗೂ ಹೇಳುವ ಹಾಗೆ ತಮಿಳಿನಲ್ಲಿ ಹೇಳಿದರು: "ಪದಿನಾಲು ನಾಳ್, ತಂಬಿ." ಹದಿನಾಲ್ಕು ದಿನ, ತಮ್ಮಾ.

ಆಮೇಲೆ ಅವರು ನನ್ನೊಂದಿಗೆ ಕನ್ನಡ ಮಾತಾಡಲೇ ಇಲ್ಲ.