ಬಸವರಾಜರ ಫಾರ್ಮಿನಲ್ಲಿ ನಾನು ಹಾಕಿಸಿದ ಟಿಕ್

2009ರಲ್ಲಿ ನಾನು ಮಿಶಿಗನ್ ರಾಜ್ಯದಲ್ಲಿ, ಡೆಟ್ರಾಯ್ಟ್ ಪಕ್ಕದ ಟ್ರಾಯ್‌ನಲ್ಲಿ ಒಂದು ಆಟೋ ಸಪ್ಲೈಯರ್ ಕಂಪನಿಯ ಎಚ್.ಆರ್. ಮ್ಯಾನೇಜರ್ ಆಗಿದ್ದೆ. ಕಾರಿನ ಸೀಟು ಹಿಂದೆ ಮುಂದೆ ಸರಿಯಲು ಅದರ ಕೆಳಗೆ ಒಂದು ಸಣ್ಣ ಮೋಟರ್ ಇರುತ್ತದಲ್ಲ, ಅಂಥವನ್ನು ವಿನ್ಯಾಸ ಮಾಡುವ ಕಂಪನಿ. ಹೆಚ್ಚಿನ ಇಂಜಿನಿಯರುಗಳು ಟ್ರಾಯ್‌ನಲ್ಲೇ ಇದ್ದರು. ಇಲಿನಾಯ್ ರಾಜ್ಯದಲ್ಲಿ, ಶಿಕಾಗೋ ವಿಮಾನ ನಿಲ್ದಾಣಕ್ಕೆ ಹತ್ತಿರದ ಇಟಾಸ್ಕಾದಲ್ಲಿ, ನಮ್ಮದೊಂದು ಚಿಕ್ಕ ಆಫೀಸಿತ್ತು. ಎರಡಕ್ಕೂ ನಾನೇ ಎಚ್.ಆರ್. ತಿಂಗಳಿಗೊಮ್ಮೆ ಸುಮಾರು ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ಇಟಾಸ್ಕಾಗೆ ಹೋಗಿ ಬರುತ್ತಿದ್ದೆ. ದಾರಿಯಲ್ಲಿ ಇಂಡಿಯಾನ ರಾಜ್ಯದ ಒಂದು ಮೂಲೆ ಸಿಗುತ್ತದೆ. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಹೊತ್ತಿಗೆ ಮೂರು ರಾಜ್ಯಗಳ ಕಾನೂನಿನ ಕೆಳಗೆ ಹಾದುಹೋದಂತಾಗುತ್ತಿತ್ತು.

ಅದು ರಿಸೆಷನ್ನಿನ ವರ್ಷ. ನಮ್ಮ ಬಡಾವಣೆಯಲ್ಲಿ ಯಾರ ಮನೆಯ ಬಾಗಿಲು ತಟ್ಟಿದರೂ ಹಗಲು ಹೊತ್ತಿನಲ್ಲಿ ಗಂಡಸರೇ ಬಂದು ತೆಗೆಯುತ್ತಿದ್ದರು. ಹತ್ತಿರದ ಆಬರ್ನ್ ಹಿಲ್ಸ್‌ನಲ್ಲಿ ಇಂಜಿನಿಯರ್ ಆಗಿದ್ದ ನನ್ನ ಗಂಡ ಕೆಲಸ ಕಳೆದುಕೊಂಡು ಜನವರಿಯಿಂದ ಮನೆಯಲ್ಲೇ ಇದ್ದರು. ಮನೆಗೆ ಉಳಿದಿದ್ದದ್ದು ನನ್ನ ಸಂಬಳ ಮತ್ತು ನನ್ನ ಹೆಲ್ತ್ ಇನ್ಶೂರೆನ್ಸ್. ಇದನ್ನು ಮೊದಲೇ ಹೇಳುತ್ತಿರುವುದು ನನ್ನನ್ನು ಸಮರ್ಥಿಸಿಕೊಳ್ಳಲು ಅಲ್ಲ. ಆದರೂ ಹೇಳದೆ ಇರಲು ಮನಸ್ಸು ಬರುತ್ತಿಲ್ಲ.

ಇನ್ನೊಂದು ವಿಷಯವನ್ನೂ ಒಪ್ಪಿಕೊಳ್ಳಬೇಕು. ಆ ಕಾಲದಲ್ಲಿ ಒಬ್ಬೊಬ್ಬರು ಒಂದೊಂದು ಅಡುಗೆ ತರುವ ನಮ್ಮ ಪಾಟ್‌ಲಕ್ ಊಟಗಳಲ್ಲಿ ಸ್ವಾತಂತ್ರ್ಯದ ಬಗ್ಗೆ ಭಾಷಣ ಬಿಗಿಯುತ್ತಿದ್ದವರಲ್ಲಿ ನಾನೇ ಮುಂದು. ಇಲಿನಾಯ್ ಲಿಬರಲ್ ರಾಜ್ಯ, ಅಲ್ಲಿ ಸರಕಾರ ಎಲ್ಲದಕ್ಕೂ ಮೂಗು ತೂರಿಸುತ್ತದೆ ಎನ್ನುವುದು ನನ್ನ ವಾದ. 2008ರ ಜನವರಿಯಿಂದ ಅಲ್ಲಿ ಹೋಟೆಲಿನಲ್ಲೂ ಬಾರಿನಲ್ಲೂ ಸಿಗರೇಟು ಸೇದುವಂತಿರಲಿಲ್ಲ. ಬಂದೂಕು ಇಟ್ಟುಕೊಳ್ಳಲು ಮೊದಲು ಸರಕಾರದ ಕಾರ್ಡು ಬೇಕು. ನಮ್ಮ ಮಿಶಿಗನ್‌ನಲ್ಲಿ ಆಗಿನ್ನೂ ಬಾರಿನಲ್ಲಿ ಹೊಗೆ ಬಿಡಬಹುದಿತ್ತು. ವೋಟಿನ ಲೆಕ್ಕದಲ್ಲಿ ಮಿಶಿಗನ್ ಕೂಡ ಹಿಂದಿನ ವರ್ಷದ ಅಧ್ಯಕ್ಷ ಚುನಾವಣೆಯಲ್ಲಿ ಲಿಬರಲ್ ಕಡೆಗೇ ವಾಲಿತ್ತು. ಆದರೆ ನಮ್ಮ ಡ್ರಾಯಿಂಗ್ ರೂಮುಗಳು ಮಾತ್ರ ಕನ್ಸರ್ವೇಟಿವ್. ಮೋಟರ್ ಸೈಕಲ್ ಏರಿದರೆ ನಮ್ಮಲ್ಲಿ ಹೆಲ್ಮೆಟ್ ಕಡ್ಡಾಯ, ಇಲಿನಾಯ್‌ನಲ್ಲಿ ಬೇಡ ಎಂದು ನನ್ನ ಗಂಡ ಒಮ್ಮೆ ನೆನಪಿಸಿದಾಗ ಹುಳಿಯನ್ನ ಬಡಿಸುವ ನೆಪದಲ್ಲಿ ಮಾತು ಮರೆಸಿದ್ದೆ.

ಆ ವರ್ಷದ ಮಾರ್ಚ್‌ನಲ್ಲಿ ಕಂಪನಿ ಒಂದು ಹೊಸ ನಿಯಮ ತಂದಿತು. ನೌಕರರ ಹೆಲ್ತ್ ಇನ್ಶೂರೆನ್ಸಿಗೆ ತಾನು ತೆರುವ ಖರ್ಚು ತಗ್ಗಿಸುವ ಸಲುವಾಗಿ ಟ್ರಾಯ್ ಆಫೀಸಿನಲ್ಲಿ ತಂಬಾಕು ಬಳಸುವವರು ಯಾರೂ ಇರಕೂಡದು ಎಂದು. ಆಫೀಸಿನಲ್ಲಷ್ಟೇ ಅಲ್ಲ, ಅವರವರ ಮನೆಯಲ್ಲೂ. ಪ್ರತಿಯೊಬ್ಬರೂ ಒಂದು ಫಾರ್ಮ್ ತುಂಬಬೇಕಿತ್ತು. ‘ಯಾವುದೇ ರೂಪದ ತಂಬಾಕು ಬಳಸುತ್ತೀರಾ?’ ಎಂಬ ಪ್ರಶ್ನೆಗೆ ಯೆಸ್ ಎಂದವರಿಗೆ ಬಿಡಲು ಆರು ತಿಂಗಳ ಗಡುವು, ಜೊತೆಗೆ ಕೌನ್ಸೆಲಿಂಗ್. ನೋ ಎಂದು ಬರೆದು ಆಮೇಲೆ ಟೆಸ್ಟಿನಲ್ಲಿ ಸಿಕ್ಕಿಬಿದ್ದರೆ ಸುಳ್ಳು ಹೇಳಿಕೆ ಎಂದು ಕೆಲಸದಿಂದಲೇ ವಜಾ.

ಇಟಾಸ್ಕಾಗೆ ಈ ಫಾರ್ಮ್ ಹೋಗಲೇ ಇಲ್ಲ. ಕಂಪನಿಯ ವಕೀಲರು ಕಾರಣ ವಿವರಿಸಿದಾಗ ನನಗೆ ನಗು ಬಂದಿತ್ತು. ನೌಕರ ಕೆಲಸದ ಹೊತ್ತಿನಾಚೆ, ಆಫೀಸಿನಾಚೆ, ಕಾನೂನು ಒಪ್ಪಿದ ಪದಾರ್ಥವನ್ನು ಬಳಸಿದ ಎಂಬ ಕಾರಣಕ್ಕೆ ಮಾಲೀಕ ಅವನನ್ನು ತೆಗೆಯುವಂತಿಲ್ಲ ಎಂದು ಇಲಿನಾಯ್‌ನಲ್ಲಿ ಕಾನೂನಿದೆ. ಕನ್ಸರ್ವೇಟಿವ್ ಎಂದು ಹೆಸರಾದ ಇಂಡಿಯಾನದಲ್ಲೂ ತಂಬಾಕಿನ ಮಟ್ಟಿಗೆ ಅಂಥದೇ ಕಾನೂನು. ಮಿಶಿಗನ್‌ನಲ್ಲಿ ಮಾತ್ರ ಏನೂ ಇಲ್ಲ. ಇಲ್ಲಿ ಸರಕಾರ ಅಡ್ಡ ಬರುವುದಿಲ್ಲ ಎಂದು ನಾನು ಹೊಗಳುತ್ತಿದ್ದೆನಲ್ಲ, ಅದು ಮಾಲೀಕನಿಗೂ ಅಡ್ಡ ಬರುವುದಿಲ್ಲ ಎಂದು ಆಗ ನನಗೆ ಹೊಳೆಯಬೇಕಿತ್ತು.

ಫಾರ್ಮ್ ಕೊಡಬೇಕಾದ ಕೊನೆಯ ದಿನ ಬಸವರಾಜ್ ನನ್ನ ಕೋಣೆಗೆ ಬಂದರು. ಧಾರವಾಡದ ಕಡೆಯವರು, ಮೋಟರ್ ವಿನ್ಯಾಸದಲ್ಲಿ ನುರಿತ ಇಂಜಿನಿಯರ್. ಎಚ್-1ಬಿ ವೀಸಾದಲ್ಲಿದ್ದರು, ಎಂದರೆ ಈ ಕಂಪನಿಯಲ್ಲಿ ಕೆಲಸವಿರುವ ತನಕ ಈ ದೇಶದಲ್ಲಿ ವಾಸ. ಹೆಂಡತಿ ಗಿರಿಜಾ, ಮೂರನೇ ಗ್ರೇಡಿನಲ್ಲಿ ಓದುವ ಮಗಳು. ಅವರು ಫಾರ್ಮನ್ನು ಮೇಜಿನ ಮೇಲಿಟ್ಟು ತಂಬಾಕಿನ ಪ್ರಶ್ನೆಯ ಮೇಲೆ ಬೆರಳಿಟ್ಟರು.

“ಮೇಡಂ, ಒಂದ ಡೌಟ್ ಐತ್ರಿ. ಮನ್ಯಾಗ ಊಟ ಆದಮ್ಯಾಲೆ ನಾ ಎಲಿ ಅಡಕಿ ಹಾಕ್ಕೋತೀನ್ರಿ. ಅದರಾಗ ಒಂಚೂರ ತಂಬಾಕ ಇರತೈತಿ. ಅದನ್ನೂ ಇಲ್ಲಿ ಹೇಳಬೇಕೇನ್ರಿ?”

“ಅಯ್ಯೋ, ಎಲೆ ಅಡಿಕೆಗೆಲ್ಲ ಯಾಕೆ ತಲೆ ಕೆಡಿಸ್ಕೋತೀರಾ? ಇವ್ರು ಕೇಳ್ತಿರೋದು ಸಿಗರೇಟು. ನೋ ಅಂತ ಟಿಕ್ ಮಾಡಿ ಕೊಡಿ.”

“ಖರೇನ್ರಿ? ಬರದಬಿಟ್ರ ಛಲೋ ಅಲ್ಲೇನ್ರಿ?”

“ಬರೆದ್ರೆ ಅದೇನು ಅಂತ ಇವ್ರಿಗೆಲ್ಲ ಎಕ್ಸ್‌ಪ್ಲೇನ್ ಮಾಡ್ಬೇಕಾದೋಳು ನಾನು. ನೋ ಹಾಕಿ ಸಾಕು.”

ಅವರು ನೋ ಹಾಕಿದರು. ಟೊಬ್ಯಾಕೊ ಎಂದು ಅಚ್ಚಾದ ಫಾರ್ಮ್ ಎದುರಿಗಿತ್ತು, ತಂಬಾಕು ಎಂದು ಅವರು ಬಾಯಿಬಿಟ್ಟು ಹೇಳಿದ್ದರು. ನನ್ನ ಕಿವಿಗೆ ಬಿದ್ದದ್ದು ಎಲೆ ಅಡಿಕೆ ಮಾತ್ರ. ಅದಕ್ಕೊಂದು ಹಿನ್ನೆಲೆಯಿತ್ತು. ಹಿಂದಿನ ಬೇಸಿಗೆಯಲ್ಲಿ ನಮ್ಮವರೊಬ್ಬರು ಪಾರ್ಕಿಂಗ್ ಲಾಟಿನಲ್ಲಿ ಎಲೆ ಅಡಿಕೆ ಉಗಿದು, ಸೆಕ್ಯುರಿಟಿಯವನು ಅದನ್ನು ರಕ್ತವೆಂದು ಬಗೆದು ದೊಡ್ಡ ಗಲಾಟೆಯಾಗಿತ್ತು. ನನ್ನ ಮೇಲಧಿಕಾರಿ ಗ್ರೆಗ್‌ಗೆ ವೀಳ್ಯದೆಲೆ ಎಂದರೇನು, ಸುಣ್ಣ ಯಾಕೆ ಹಚ್ಚುತ್ತಾರೆ ಎಂದು ವಿವರಿಸುತ್ತ ನಿಂತಾಗ ನನಗೆ ನೆಲ ಬಿರಿದು ಒಳಗೆ ಹೋಗುವಂತಾಗಿತ್ತು. ಮೈಸೂರಿನಲ್ಲಿ ನಮ್ಮಜ್ಜಿ ದಿನವೂ ತಟ್ಟೆ ಮುಂದಿಟ್ಟುಕೊಂಡು ಎಲೆಗೆ ಹೊಗೆಸೊಪ್ಪು ಸೇರಿಸಿ ಮೆಲ್ಲುತ್ತಿದ್ದವರೇ. ಅದನ್ನೆಲ್ಲ ಅಮೆರಿಕನ್ನರ ಮುಂದೆ ಇನ್ನೊಮ್ಮೆ ಬಿಡಿಸಿ ಹೇಳುವುದು ನನಗೆ ಬೇಡವಾಗಿತ್ತು. ಒಬ್ಬ ಮನುಷ್ಯನ ಕೆಲಸಕ್ಕಿಂತ ನನ್ನ ಮುಜುಗರ ದೊಡ್ಡದಾಯಿತು.

ಮೇ ತಿಂಗಳಲ್ಲಿ ಟೆಸ್ಟ್ ನಡೆಯಿತು. ಕೋಟಿನೀನ್ ಟೆಸ್ಟ್ ಎನ್ನುತ್ತಾರೆ. ನಿಕೋಟಿನ್ ಮೈಯಲ್ಲಿ ಕರಗಿದ ಮೇಲೆ ಉಳಿಯುವ ವಸ್ತು ಕೋಟಿನೀನ್. ಸಿಗರೇಟು ಸೇದಿದರೂ ಸರಿ, ತಂಬಾಕು ಜಗಿದರೂ ಸರಿ, ಅದು ತೋರಿಸಿಕೊಡುತ್ತದೆ. ಫಲಿತಾಂಶ ಬಂದ ದಿನ ಸಿಕ್ಕಿಬಿದ್ದವರ ಪಟ್ಟಿಯಲ್ಲಿ ಬಸವರಾಜರ ಹೆಸರಿತ್ತು.

ಮರುದಿನ ಗ್ರೆಗ್‌ನ ಕೋಣೆಯಲ್ಲಿ ನಾವು ಮೂವರು ಕೂತೆವು. ಗ್ರೆಗ್ ಕೆಟ್ಟ ಮನುಷ್ಯನಲ್ಲ. ಅವನು ಫಾರ್ಮನ್ನು ಮುಂದಿಟ್ಟು, ಇದನ್ನು ತುಂಬುವಾಗ ನಿಮಗೆ ಯಾರಾದರೂ ಏನಾದರೂ ಹೇಳಿಕೊಟ್ಟಿದ್ದರಾ ಎಂದು ಕೇಳಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನಾನು ಕೈಯಲ್ಲಿದ್ದ ಪೆನ್ನಿನ ಮುಚ್ಚಳವನ್ನು ತೆಗೆಯುತ್ತ ಹಾಕುತ್ತ ಇದ್ದೆ. ಬಸವರಾಜ್ ನನ್ನ ಕಡೆಗೊಮ್ಮೆ ನೋಡಿದರು. ಆಮೇಲೆ ಮೇಜನ್ನು ನೋಡುತ್ತ ಇಂಗ್ಲಿಷಿನಲ್ಲಿ, “ಇಲ್ಲ. ಪ್ರಶ್ನೆಯನ್ನು ನಾನೇ ತಪ್ಪು ತಿಳಿದುಕೊಂಡೆ,” ಎಂದರು. ಗ್ರೆಗ್ ನನ್ನತ್ತ ತಿರುಗಿ, ನಿನ್ನದೇನಾದರೂ ಸೇರಿಸುವುದಿದೆಯಾ ಎಂದ. ಇಲ್ಲ ಎಂದೆ.

ಹೊರಗೆ ಬಂದ ಮೇಲೆ ಕಾಪಿ ಮೆಷಿನ್ನಿನ ಪಕ್ಕದಲ್ಲಿ ಅವರನ್ನು ನಿಲ್ಲಿಸಿದೆ.

“ಯಾಕ್ರೀ ಹೇಳ್ಲಿಲ್ಲ ನೀವು?”

“ನಂದ ಹೆಂಗೂ ಹೋತ್ರಿ. ನಿಮ್ಮ ಮನ್ಯಾಗ ಸಾಹೇಬ್ರೂ ಕೆಲಸ ಇಲ್ಲದ ಕುಂತಾರಂತ ಕೇಳೇನಿ. ನಿಮ್ಮದೂ ಹೋಗೂದು ಬ್ಯಾಡ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ನಾನಾದರೂ ಎದುರು ಮಾತಾಡಿ ಹಗುರಾಗುತ್ತಿದ್ದೆ.

ಅಂದೇ ಬಸವರಾಜರನ್ನು ವಜಾ ಮಾಡಿದರು. ವಜಾ ಆದವರು ಹತ್ತು ದಿನದೊಳಗೆ ಮೇಲ್ಮನವಿ ಕೊಡಬಹುದಿತ್ತು. ಹೊಸ ಸಂಗತಿಯೇನಾದರೂ ಬರಹದಲ್ಲಿ ಬಂದರೆ ಕಂಪನಿ ತೀರ್ಮಾನ ಬದಲಿಸಬಹುದಿತ್ತು. ಬಸವರಾಜರಿಗೆ ಹೇಳಿ ನಾನು ಇಟಾಸ್ಕಾ ಆಫೀಸಿನ ಮ್ಯಾನೇಜರ್ ಲಿಂಡಾಗೆ ಫೋನ್ ಮಾಡಿದೆ. ಅವಳಿಗೆ ಒಬ್ಬ ಇಂಜಿನಿಯರ್ ಬೇಕಾಗಿತ್ತು, ಬಸವರಾಜರ ಕೆಲಸವೂ ಗೊತ್ತಿತ್ತು. ಇಲಿನಾಯ್‌ನಲ್ಲಿ ಅವರು ಮನೆಯಲ್ಲಿ ಏನು ಜಗಿಯುತ್ತಾರೆಂದು ಕೇಳುವ ಹಕ್ಕು ಕಂಪನಿಗಿರಲಿಲ್ಲ. ವೀಸಾದ ಕಾಗದ ತಿದ್ದಿಸುವ ಕೆಲಸ ಹೇಗೂ ನನ್ನದೇ. ಲಿಂಡಾ ಕೇಳಿದ್ದು ಒಂದೇ. ಫೈಲಿನಲ್ಲಿ ‘ಸುಳ್ಳು ಹೇಳಿಕೆ’ ಎಂದಿರುವವರನ್ನು ತೆಗೆದುಕೊಳ್ಳಲು ಬರುವುದಿಲ್ಲ, ಆ ಎರಡು ಪದ ಅಳಿಸಿಹೋಗುವಂತೆ ಮಾಡಿಕೊಡು ಎಂದಳು.

ಅದನ್ನು ಅಳಿಸಬಲ್ಲವಳು ನಾನೊಬ್ಬಳೇ. ‘ಈ ನೌಕರ ತಂಬಾಕು ಬಳಕೆಯ ವಿಷಯವನ್ನು ತಾನಾಗಿ ನನಗೆ ತಿಳಿಸಿದ್ದರು. ನೋ ಎಂದು ಗುರುತು ಮಾಡಲು ಹೇಳಿದವಳು ನಾನು.’ ಇಷ್ಟೇ ಬರೆಯಬೇಕಾಗಿದ್ದದ್ದು. ಬರೆದೂ ಬರೆದೆ. ಕಂಪ್ಯೂಟರಿನಲ್ಲಿ ಅದು ಒಂಬತ್ತು ದಿನ ಇತ್ತು. ದಿನಾ ಬೆಳಿಗ್ಗೆ ತೆರೆದು ಓದುತ್ತಿದ್ದೆ, ಒಂದು ಪದ ಆಚೀಚೆ ಮಾಡುತ್ತಿದ್ದೆ. ಕಳಿಸಿದರೆ ಬಹುಶಃ ನನ್ನನ್ನು ತೆಗೆಯುತ್ತಿದ್ದರು. ಬಹುಶಃ ಎಚ್ಚರಿಕೆ ಕೊಟ್ಟು ಬಿಡುತ್ತಿದ್ದರು. ನನಗೆ ಈಗಲೂ ಗೊತ್ತಿಲ್ಲ. ಮನೆಯಲ್ಲಿ ಗಂಡನಿಗೆ ಇದನ್ನು ಹೇಳಲಿಲ್ಲ. ಹೇಳಿದ್ದರೆ ಅವರು ಕಳಿಸು ಎನ್ನುತ್ತಿದ್ದರು. ಅದಕ್ಕೇ ಹೇಳಲಿಲ್ಲ.

ಹತ್ತನೆಯ ದಿನ ಶುಕ್ರವಾರ. ಸಂಜೆ ಐದು ಗಂಟೆಗೆ ಗಡುವು ಮುಗಿಯಿತು. ಐದೂ ಹತ್ತಕ್ಕೆ ಕಂಪ್ಯೂಟರ್ ಮುಚ್ಚಿ ಮನೆಗೆ ಹೋದೆ. ಮುಂದಿನ ವಾರ ಬಸವರಾಜರು ನಮ್ಮ ನೌಕರರಲ್ಲ ಎಂದು ಇಮಿಗ್ರೇಷನ್ ಇಲಾಖೆಗೆ ತಿಳಿಸುವ ಪತ್ರಕ್ಕೆ ನಾನೇ ಸಹಿ ಹಾಕಿದೆ. ಆ ಪತ್ರ ಬರೆಯಲು ನನಗೆ ಹತ್ತು ನಿಮಿಷವೂ ಬೇಕಾಗಲಿಲ್ಲ.

ಅವರು ಬೇರೆ ಕೆಲಸ ಹುಡುಕಿದರು. ಆ ವರ್ಷ ಡೆಟ್ರಾಯ್ಟ್ ಸೀಮೆಯಲ್ಲಿ ಇಲ್ಲಿಯವರಿಗೇ ಕೆಲಸವಿರಲಿಲ್ಲ, ವೀಸಾ ಬೇಕೆನ್ನುವವರನ್ನು ಕೇಳುವವರು ಯಾರು? ಜೂನ್‌ನ ಒಂದು ಭಾನುವಾರ ಟ್ರಾಯ್‌ನ ದೇವಸ್ಥಾನದಲ್ಲಿ ಪ್ರಸಾದದ ಸಾಲಿನಲ್ಲಿ ನಿಂತಿದ್ದಾಗ ಗಿರಿಜಾ ನನ್ನನ್ನು ಕಂಡು ಹತ್ತಿರ ಬಂದರು. ಮಗಳು ಅವರ ಸೆರಗು ಹಿಡಿದುಕೊಂಡು, ಹೊರಗೆ ಅಪ್ಪ ಕಾರಿನಲ್ಲಿ ಕಾಯುತ್ತಿದ್ದಾರೆ ಎಂದು ಇಂಗ್ಲಿಷಿನಲ್ಲಿ ಅವಸರ ಮಾಡುತ್ತಿದ್ದಳು.

“ಅಕ್ಕಾರ, ಬುಧವಾರ ಊರಿಗೆ ಹೊಂಟೇವ್ರಿ ನಾವು. ನೀವು ಇಟಾಸ್ಕಾದಾಗ ಕೆಲಸ ಕೊಡಸಾಕ ಭಾಳ ಓಡ್ಯಾಡಿದ್ರಂತ. ನಮ್ಮವರು ಹೇಳಿದ್ರು. ಆಗಲಿಲ್ಲಂದ್ರ ನೀವರ ಏನ್ ಮಾಡ್ತೀರಿ. ಭಾಳ ಉಪಕಾರ ಆತ್ರಿ.”

ನಾನು, “ಪರವಾಗಿಲ್ಲ ಬಿಡಿ, ನನ್ನ ಕೈಲಾದ್ದು ಮಾಡ್ದೆ,” ಎಂದೆ.

ಅಂದು ಫಾರ್ಮಿನ ಮುಂದೆ ಆಡಿದ ಮಾತು ಅಜಾಗರೂಕತೆ. ಗ್ರೆಗ್‌ನ ಕೋಣೆಯಲ್ಲಿ ಬಾಯಿ ಮುಚ್ಚಿದ್ದು ಹೆದರಿಕೆ. ಇವೆರಡಕ್ಕೂ ನಾನು ಒಂದೊಂದು ಸಬೂಬು ಹುಡುಕಿಕೊಂಡಿದ್ದೇನೆ. ದೇವರ ಮುಂದೆ ನಿಂತು ಆ ಹೆಂಗಸಿನ ಕೃತಜ್ಞತೆಯನ್ನು ಕೈಚಾಚಿ ತೆಗೆದುಕೊಂಡೆನಲ್ಲ, ಅದಕ್ಕೆ ಇಷ್ಟು ವರ್ಷವಾದರೂ ಒಂದು ಸಬೂಬೂ ಸಿಕ್ಕಿಲ್ಲ.

ಆಮೇಲೆ ನಾನು ವೃತ್ತಿಯಲ್ಲಿ ಇನ್ನೂ ಬಹಳ ವರ್ಷ ಇದ್ದೆ. ಫಾರ್ಮಿನ ಬಗ್ಗೆ ಯಾರು ಏನು ಕೇಳಿದರೂ ಬಾಯಿಮಾತಿನಲ್ಲಿ ಉತ್ತರ ಕೊಡಲಿಲ್ಲ. ಇಮೇಲಿನಲ್ಲಿ ಬರೆಯಿರಿ, ನಾನೂ ಬರೆದೇ ಹೇಳುತ್ತೇನೆ ಎನ್ನುತ್ತಿದ್ದೆ. ಕಿರಿಯರು ಅದನ್ನು ಶಿಸ್ತು ಎಂದು ಮೆಚ್ಚಿ ಕಲಿತುಕೊಂಡರು. ಅದು ಶಿಸ್ತು ಹೌದು, ಆದರೆ ಆ ವರ್ಷ ನನಗೆ ಕಲಿಸಿದ ಪಾಠ ಅದಲ್ಲ.

ನಿವೃತ್ತಿಯಾದ ಮೇಲೂ ಊಟದ ಹೊತ್ತಿನಲ್ಲಿ ಹಳೆಯ ಚರ್ಚೆ ಏಳುತ್ತದೆ. ಯಾವ ರಾಜ್ಯದಲ್ಲಿ ಮನುಷ್ಯನಿಗೆ ಹೆಚ್ಚು ಸ್ವಾತಂತ್ರ್ಯ, ಎಲ್ಲಿ ಸರಕಾರದ ಕಾಟ ಹೆಚ್ಚು ಎಂದು. ಮೂರು ರಾಜ್ಯಗಳಲ್ಲಿ ಕೆಲಸದ ಕಾನೂನು ನೋಡಿದವಳು, ನೀವು ಹೇಳಿ ಆಂಟಿ ಎಂದು ಹೊಸಬರು ನನ್ನ ಕಡೆ ತಿರುಗುತ್ತಾರೆ. ಒಂದೊಂದು ರಾಜ್ಯ ಒಂದೊಂದು ಕಡೆ ಬಿಗಿ, ಒಂದೊಂದು ಕಡೆ ಸಡಿಲ ಎಂದಷ್ಟೇ ಹೇಳುತ್ತೇನೆ. ಕಾನೂನು ಕೈಬಿಟ್ಟ ಜಾಗ ಎಂದಿಗೂ ಖಾಲಿ ಇರುವುದಿಲ್ಲ, ಅಲ್ಲಿ ಯಾರೋ ಒಬ್ಬರು ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ ಎನ್ನುವುದನ್ನು ಮಾತ್ರ ಹೇಳುವುದಿಲ್ಲ. ಇಟಾಸ್ಕಾದಲ್ಲಾಗಿದ್ದರೆ ಬಸವರಾಜರನ್ನು ಕಾನೂನು ಕಾಯುತ್ತಿತ್ತು. ಟ್ರಾಯ್‌ನಲ್ಲಿ ಕಾಯಲು ಇದ್ದವಳು ನಾನೊಬ್ಬಳೇ.