ಸ್ಟೇಷನ್ ಗೋಡೆಯ ಸೊಟ್ಟ ಕಲ್ಲು

ನಮ್ಮೂರ ರೈಲ್ವೆ ಸ್ಟೇಷನ್ನಿನ ಹೊಸ ಕಟ್ಟಡದ ಮುಂದೆ ಒಂದು ಫಲಕವಿದೆ. ಕೆಲಸ ಯಾವ ತಿಂಗಳು ಮುಗಿಯುತ್ತದೆ ಎಂದು ಅದರ ಮೇಲೆ ಬರೆದಿದ್ದಾರೆ. ಆ ತಿಂಗಳು ಬಂದುಹೋದಾಗಲೆಲ್ಲ ಹಳೆಯದರ ಮೇಲೆ ಬಿಳಿ ಬಣ್ಣ ಬಳಿದು ಹೊಸ ತಿಂಗಳು ಬರೆಯುತ್ತಾರೆ. ಬಳಿದು ಬಳಿದು ಆ ಒಂದು ಜಾಗ ಬಾವು ಬಂದಂತೆ ಉಬ್ಬಿದೆ. ಆದೋನಿಯ ಕಾಲೇಜಿಗೆ ಹೋಗಲು ದಿನಾ ಪ್ಯಾಸೆಂಜರ್ ರೈಲು ಕಾಯುತ್ತಿದ್ದ ನಾನು ಅದನ್ನು ಬೆರಳಿನಿಂದ ಒತ್ತಿ ನೋಡಿದ್ದೇನೆ. ನಾನು ಇಂಟರ್, ಅಂದರೆ ನಮ್ಮ ಆಂಧ್ರದ ಪಿಯುಸಿ, ಮೊದಲ ವರ್ಷದಲ್ಲಿದ್ದಾಗ ಹಳೆಯ ಟಿಕೆಟ್ ಕೋಣೆಯನ್ನು ಕೆಡವಿದರು. ನನ್ನ ಡಿಗ್ರಿ ಮುಗಿಯಿತು. ಟಿಕೆಟನ್ನು ಈಗಲೂ ತಗಡಿನ ಶೆಡ್ಡಿನಲ್ಲೇ ಕೊಡುತ್ತಾರೆ.

ನಕ್ಷೆಯಲ್ಲಿ ಮಾತ್ರ ಇದು ಭವ್ಯವಾದ ಸ್ಟೇಷನ್ನು. ನೋಡಿದವರಿಗೆ ಆದೋನಿಯ ಕೋಟೆ ನೆನಪಾಗಬೇಕಂತೆ, ಅದಕ್ಕೇ ಎರಡು ಬುರುಜು. ಬುರುಜಿನೊಳಗೆ ಏನಿದೆ? ಏನೂ ಇಲ್ಲ. ಹತ್ತಲು ಮೆಟ್ಟಿಲೂ ಇಲ್ಲ. ನಡುವಿನ ಕಮಾನು ಎಷ್ಟು ಎತ್ತರವೆಂದರೆ, ಮಳೆ ಬಂದರೆ ಇರಚಲು ನೇರವಾಗಿ ಬೆಂಚುಗಳ ಮೇಲೇ ಬೀಳುತ್ತದೆ. ಲಿಫ್ಟಿಗೆಂದು ಕಟ್ಟಿದ ಗೂಡಿನಲ್ಲಿ ಪಾರಿವಾಳಗಳು ಎರಡು ತಲೆಮಾರು ಕಂಡಿವೆ. ಎರಡನೇ ಪ್ಲಾಟ್‌ಫಾರ್ಮಿನ ಮೇಲ್ಸೇತುವೆಯನ್ನು ಆ ಕಡೆಯಿಂದಲೂ ಈ ಕಡೆಯಿಂದಲೂ ಕಟ್ಟುತ್ತ ಬಂದರು. ನಡುವೆ ಕೂಡುವಲ್ಲಿ ಒಂದು ಗೇಣು ಏರುಪೇರಾಯಿತು. ಅಲ್ಲಿ ಒಂದಿಷ್ಟು ಸಿಮೆಂಟು ಮೆತ್ತಿ ಇಳಿಜಾರು ಮಾಡಿದ್ದಾರೆ.

ಇದನ್ನೆಲ್ಲ ಹೇಳಲು ಕಾರಣವಿದೆ. ಇಷ್ಟು ತಪ್ಪುಗಳ ನಡುವೆ ತಪಾಸಣೆಯಲ್ಲಿ ಸಿಕ್ಕಿಬಿದ್ದದ್ದು ಒಂದೇ ಒಂದು: ನಮ್ಮಪ್ಪ ಇಟ್ಟ ಒಂದು ಕಲ್ಲು.

ಅಪ್ಪ ಕಲ್ಲುಗೋಡೆ ಕಟ್ಟುವ ಮೇಸ್ತ್ರಿ, ಹೊಳಗುಂದದ ಕಡೆಯವನು. ಅವನು ಕಟ್ಟಿದ್ದೆಲ್ಲ ಕುರಿದೊಡ್ಡಿಯ ಗೋಡೆ, ಹೊಲದ ಒಡ್ಡು, ಯಾರದೋ ಮನೆಯ ಪಾಯ. ಒಂದನ್ನು ಕುರಿಗಳು ನೋಡುತ್ತವೆ, ಇನ್ನೊಂದು ಮಣ್ಣಿನಲ್ಲಿ ಹೂತು ಹೋಗುತ್ತದೆ. ಸ್ಟೇಷನ್ನಿನ ಮುಂಭಾಗದ ಗೋಡೆ ಪೂರ್ತಿ ಕೆತ್ತಿದ ಕಲ್ಲಿನದೇ ಆಗಬೇಕು ಎಂದಾಗ ಅವನನ್ನು ಕರೆದರು. ಅಂದಿನಿಂದ ಕೆಲಸ ನಿಂತಾಗ ಮನೆ, ನಡೆದಾಗ ಗೋಡೆ. ನಕ್ಷೆ ಬದಲಾಗಿ ಕಿಟಕಿ ಬಲಕ್ಕೆ ಸರಿಯಿತು, ಗೋಡೆ ಬಿಚ್ಚಿದ. ಮತ್ತೆ ಎಡಕ್ಕೆ ಸರಿಯಿತು, ಮತ್ತೆ ಬಿಚ್ಚಿದ. ಬೈದುಕೊಳ್ಳುತ್ತಿದ್ದದ್ದು ನಾನು. ಅವನು ಹೇಳುತ್ತಿದ್ದದ್ದು ಒಂದೇ ಮಾತು.

“ರೈಲ್ ಇಳದ ಮಂದಿ ಮದ್ಲ ನೋಡೋದು ಇದನ್ನವ್ವ. ನನ್ ಕೈಕೆಲಸ ನಾಕ್ ಮಂದಿ ನಿಂತ್ ನೋಡಬೇಕು. ಇದೊಂದು ಆದ್ರ ಸಾಕು.”

ಗೋಡೆ ನಿಜಕ್ಕೂ ಚೆನ್ನಾಗಿತ್ತು. ಕಲ್ಲಿಗೂ ಕಲ್ಲಿಗೂ ನಡುವೆ ಎಲ್ಲೆಡೆ ಒಂದೇ ಅಗಲದ, ಗೆರೆ ಎಳೆದಂಥ ಗಾರೆಯ ಸಂದು. ಆದರೆ ಎಲ್ಲ ಮುಗಿದ ಮೇಲೆ ಅಪ್ಪ ಆಳೆತ್ತರದಲ್ಲಿದ್ದ ಒಂದು ಕಲ್ಲನ್ನು ಬಿಚ್ಚಿ, ಬೇಕೆಂದೇ ಒಂದು ಬೆರಳಿನಷ್ಟು ವಾರೆಯಾಗಿ ಕೂಡಿಸಿದ. ನಮ್ಮ ಕಡೆಯ ಹಳೆಯ ಮೇಸ್ತ್ರಿಗಳೆಲ್ಲ ಹೀಗೆ ಮಾಡುತ್ತಾರೆ. ಕುಂದಿಲ್ಲದ ಗೋಡೆಗೆ ಕಣ್ಣು ಬೀಳುತ್ತದಂತೆ. ಅದಕ್ಕೊಂದು ದಿಷ್ಟಿ ಕಲ್ಲು. ಅದೇನೂ ಸಡಿಲವಲ್ಲ, ಉಳಿದವಕ್ಕಿಂತ ಬಿಗಿಯಾಗಿಯೇ ಕೂತಿರುತ್ತದೆ. ನಮ್ಮ ಮನೆಯ ಬಾಗಿಲ ಪಕ್ಕದಲ್ಲೂ ಒಂದಿದೆ. ಸಣ್ಣವಳಿದ್ದಾಗ ಅದರ ಮೂಲೆಗೆ ಶಾಲೆಯ ಚೀಲ ನೇತುಹಾಕುತ್ತಿದ್ದೆ.

ತಪಾಸಣೆಯ ದಿನ ನಾನು ರೈಲಿನಿಂದ ಇಳಿದು ಬರುವಷ್ಟರಲ್ಲಿ ಎಂಜಿನಿಯರು ಆ ಕಲ್ಲಿನ ಮುಂದೆ ನಿಂತಿದ್ದರು. ಅವರದು ತೆಲುಗು, ಅಪ್ಪನದು ಕನ್ನಡ. ಇಬ್ಬರಿಗೂ ಇನ್ನೊಬ್ಬರದು ಚೆನ್ನಾಗಿಯೇ ಅರ್ಥವಾಗುತ್ತದೆ, ಆಡುವುದು ಮಾತ್ರ ತಮ್ಮದನ್ನೇ.

“ಏಂ ಮೇಸ್ತ್ರಿ, ಇದಿ ವಂಕರಗಾ ಉಂದಿ ಕದಾ?”

“ಹೂಂ ಸರ್, ಸೊಟ್ಟ ಐತ್ರಿ. ನಾನ ಇಟ್ಟೀನಿ.”

“ಕಾವಾಲನೇನಾ?”

“ಬೇಕಂತನ ರೀ. ದಿಷ್ಟಿಗೆ.”

ಎಂಜಿನಿಯರು ನನ್ನ ಕಡೆ ತಿರುಗಿದರು. ಓದಿದವಳು, ನೀನಾದರೂ ನಿಮ್ಮಪ್ಪನಿಗೆ ಹೇಳಮ್ಮ ಎಂದರು. ಮೇಲಿನವರು ಇದನ್ನು ದೋಷ ಎಂದು ಬರೆದುಕೊಂಡು ಹೋಗಿದ್ದಾರೆ. ಸೋಮವಾರದೊಳಗೆ ನೆಟ್ಟಗೆ ಮಾಡದಿದ್ದರೆ ಗೋಡೆಯನ್ನೇ ತಗಡಿನ ಪ್ಯಾನೆಲ್ಲಿನಿಂದ ಮುಚ್ಚಿಬಿಡುತ್ತಾರೆ ಎಂದರು. ನನಗೆ ಸೇತುವೆ ತೋರಿಸಬೇಕೆನಿಸಿತು. ತೋರಿಸಿದೆ ಕೂಡ. “ಅದು ಬೇರೆ ಗುತ್ತಿಗೆ” ಎಂಬರ್ಥದ ಉತ್ತರ ಬಂತು.

ಎರಡು ದಿನ ಮನೆಯಲ್ಲಿ ವಾದ ಹೂಡಿದೆ. ಕಣ್ಣಿನಿಂದ ಕಲ್ಲಿಗೆ ಏನಾಗುತ್ತದೆ, ಹೇಗಾಗುತ್ತದೆ, ಯಾರು ನೋಡಿದ್ದಾರೆ? ದಿಷ್ಟಿ ಕಲ್ಲಿದ್ದೂ ಬಿದ್ದ ಗೋಡೆಗಳಿಲ್ಲವೇ? ಇಲ್ಲದೆಯೂ ನಿಂತವುಗಳಿಲ್ಲವೇ? ಅಪ್ಪ ರೊಟ್ಟಿ ಮುರಿಯುತ್ತ ಎಲ್ಲವನ್ನೂ ಒಪ್ಪಿಕೊಂಡ.

“ನೀ ಹೇಳೂದೆಲ್ಲಾ ಖರೇ ಇರಬೋದವ್ವ. ಕಲ್ಲು ಅಲ್ಲೇ ಇರತೈತಿ.”

ಎದುರಾಡುವವರೊಂದಿಗೆ ವಾದಿಸಬಹುದು. ಒಪ್ಪಿಕೊಂಡು ಅಲುಗಾಡದವರನ್ನು ಏನು ಮಾಡುವುದು? ಅವ್ವ ಒಲೆಯ ಮುಂದಿನಿಂದಲೇ ಅಂದಳು:

“ಆಕಿ ಕಾಲೇಜಿನ್ಯಾಗ ವಾದ ಮಾಡಿ ಕಪ್ ಗೆದ್ದು ಬಂದಾಳ, ಸೋತಬಿಡೋ ಮಾರಾಯ. ಇಲ್ಲಾಂದ್ರ ರೊಟ್ಟಿ ಮ್ಯಾಲೂ ಭಾಷಣ ಮಾಡ್ತಾಳ.”

ಶನಿವಾರ ಸಂಜೆ ನನಗೊಂದು ಉಪಾಯ ಹೊಳೆಯಿತು. ಅವನ ನಂಬಿಕೆಯನ್ನು ಅಲ್ಲಗಳೆಯುವ ಬದಲು ಅದರೊಳಕ್ಕೇ ಹೋದೆ.

“ಅಪ್ಪಾ, ದಿಷ್ಟಿ ಯಾರ್ದು ತಾಗತೈತಿ? ಹೊಗಳಿದವರ್ದು, ಹೌದಿಲ್ಲೋ?”

“ಹೌದು.”

“ಈ ಸ್ಟೇಷನ್ನ ಯಾರೆರ ಹೊಗಳ್ಯಾರನು? ಹುಟ್ಟಿದಾಗಿಂದ ಮಂದಿ ಬೈಯ್ಯಾಕತ್ತಾರ. ಉಚ್ಚೀಗಿ ಹೋಗಾಕ ಜಾಗಿಲ್ಲ ಅಂತ ಬೈತಾರ, ನೆಳ್ಳಿಲ್ಲ ಅಂತ ಬೈತಾರ. ಇಷ್ಟ್ ಬೈಗುಳ ತಿಂದ ಕಟ್ಟಡಕ್ಕ ಮತ್ತ್ಯಾವ ದಿಷ್ಟಿ ಕಲ್ಲಪ್ಪಾ?”

ಅಪ್ಪ ಬಿದ್ದು ಬಿದ್ದು ನಕ್ಕ. ಕಣ್ಣೊರೆಸಿಕೊಂಡು, “ಸೋತೆ ನಡಿ” ಎಂದ. ಭಾನುವಾರ ಬೆಳಿಗ್ಗೆ ಇಬ್ಬರೂ ಹೋದೆವು. ನಾನು ತೂಗುಗುಂಡಿನ ದಾರ ಹಿಡಿದೆ. ಅವನು ಕಲ್ಲನ್ನು ಬಿಚ್ಚಿ, ಒಂದು ಮೂಲೆ ಕೆತ್ತಿ, ನೆಟ್ಟಗೆ ಕೂಡಿಸಿದ. ಆಮೇಲೆ ಹಿಂದೆ ಸರಿದು ನಿಂತು ಗೋಡೆ ನೋಡಲಿಲ್ಲ, ಪ್ರತಿ ಸಲ ನೋಡುತ್ತಿದ್ದವನು.

ಸೋಮವಾರ ಎಂಜಿನಿಯರು ಗೋಡೆಯ ಮೇಲೆ ಅಂಗೈ ಆಡಿಸಿದರು. “ಸೂಪರ್ ಮೇಸ್ತ್ರಿ! ಒಕ್ಕ ತಪ್ಪು ಲೇದು!” ಒಂದೂ ತಪ್ಪಿಲ್ಲವೆಂದು ಜೋರಾಗಿ ಹೊಗಳಿ ಫೋಟೋ ತೆಗೆದರು. ಅಪ್ಪ ನನ್ನನ್ನು ನೋಡಿದ. ನಾನು ಬೇರೆ ಕಡೆ ನೋಡಿದೆ.

ಎರಡು ವಾರದ ಮೇಲೆ ಪ್ಯಾನೆಲ್ಲುಗಳನ್ನು ತುಂಬಿದ ಲಾರಿ ಬಂತು. ನಕ್ಷೆ ಬದಲಾಗಿದೆ, ಮುಂಭಾಗ ಪೂರ್ತಿ ಹೊಳೆಯುವ ತಗಡು. ನಾನು ಓಡಿದೆ, ಎಂಜಿನಿಯರನ್ನು ಹಿಡಿದು ನಿಲ್ಲಿಸಿದೆ. ಯಾರು ಒಪ್ಪಿದರು, ಯಾವಾಗ ಒಪ್ಪಿದರು, ಹಾಳೆ ತೋರಿಸಿ. ಪಾಪ, ಅವರು ತೋರಿಸಿದರು. ತಮಗೂ ನಿನ್ನೆಯಷ್ಟೇ ಬಂತು ಎಂದರು. ಕೆಳಗಿನ ಸಹಿಯ ತಾರೀಕು ನೋಡಿದೆ: ತಪಾಸಣೆಗೂ ಮುಂಚಿನದು. ಅಂದರೆ ಅಪ್ಪನ ಗೋಡೆಯನ್ನು ಮುಚ್ಚುವುದು ಆಗಲೇ ತೀರ್ಮಾನವಾಗಿತ್ತು. ಕಲ್ಲು ಸೊಟ್ಟಗಿದ್ದರೂ ಅಷ್ಟೇ, ನೆಟ್ಟಗಿದ್ದರೂ ಅಷ್ಟೇ.

ನನಗೆ ನಾಚಿಕೆಯಾಗುವ ಮಾತೊಂದನ್ನು ಇಲ್ಲಿ ಹೇಳಲೇಬೇಕು. ಆ ಹಾಳೆ ನೋಡಿ ನನಗೆ ಒಂದು ಕ್ಷಣ ಖುಷಿಯಾಯಿತು. ಸಾಕ್ಷಿ ಸಿಕ್ಕಿತ್ತಲ್ಲ! ಮನೆಗೆ ಹೋದವಳೇ ಹೊಸ್ತಿಲಲ್ಲಿ ನಿಂತು ಕೂಗಿದೆ.

“ಅಪ್ಪಾ, ದಿಷ್ಟಿ ಅಲ್ಲಪಾ ಇದು! ಆರ್ಡರ್ ಮದ್ಲ ಆಗಿತ್ತು. ಆ ಸರ್ ಹೊಗಳಿದ್ದಕ್ಕ ಆಗಿದ್ದಲ್ಲ. ಕಲ್ಲಿಗೂ ಇದಕ್ಕೂ ಸಂಬಂಧನ ಇಲ್ಲ!”

ಅಪ್ಪ ಉಳಿಯ ಮೊನೆ ತಿಕ್ಕುತ್ತಿದ್ದವನು ನಿಲ್ಲಿಸಿದ.

“ಹಂಗಾದ್ರ ನನ್ ಕಡಿಂದ ಕಲ್ ಯಾಕ ತಿದ್ದಿಸಿದಿ?”

ಸಿಟ್ಟಿನಿಂದ ಕೇಳಲಿಲ್ಲ. ಕೇಳಿ ಮತ್ತೆ ಉಳಿ ತಿಕ್ಕತೊಡಗಿದ.

ಮರುದಿನ ಪ್ಯಾನೆಲ್ ಕೂಡಿಸುವವರು ಕಬ್ಬಿಣದ ಚೌಕಟ್ಟಿಗಾಗಿ ಗೋಡೆಗೆ ತೂತು ಕೊರೆಯಲು ಡ್ರಿಲ್ ತಂದರು. ಅಪ್ಪನನ್ನು ಯಾರೂ ಕರೆದಿರಲಿಲ್ಲ. ಸೀಮೆಸುಣ್ಣ ಹಿಡಿದು ತಾನೇ ಹೋದ, ಬೆನ್ನಿಗೆ ನಾನೂ ಹೋದೆ. ಸಂದು ಇರುವ ಕಡೆಯೆಲ್ಲ ಗುರುತು ಹಾಕುತ್ತ ಹೊರಟ. “ಇಲ್ಲಿ ಹೊಡೀರಿ, ಸಂದಿನ್ಯಾಗ. ಕಲ್ಲಿಗೆ ತಾಗಸಬ್ಯಾಡ್ರಿ.” ಒಂದರ ಮೇಲೊಂದು ಹತ್ತು ವರಸೆ ಕಲ್ಲು, ಒಂದೊಂದೇ ಗುರುತು. ನಾವು ತಿದ್ದಿದ ಕಲ್ಲಿನ ಹತ್ತಿರ ಬಂದಾಗ ಗುರುತು ಹಾಕದೆ ದಾಟಿದ.

“ಇದಕ್ಕ?” ಎಂದು ಡ್ರಿಲ್ ಹಿಡಿದವನು ಕೇಳಿದ.

“ಇದಕ್ಕ ಎಲ್ಲೆರ ಹೊಡೀರಿ.”

ಅವನು ನೇರವಾಗಿ ಕಲ್ಲಿಗೇ ಹೊಡೆದ. ಮೂಲೆಯಿಂದ ಒಂದು ಚಕ್ಕೆ ಹಾರಿ ನನ್ನ ಚಪ್ಪಲಿಯ ಹತ್ತಿರ ಬಿತ್ತು. ಅಪ್ಪ ಮುರಿದ ಜಾಗವನ್ನು ಹೆಬ್ಬೆರಳಿನಿಂದ ಸವರಿ, “ಹಾಂ, ಈಗಾತು” ಎಂದ.

ನನಗೆ ತಡೆಯಲಾಗಲಿಲ್ಲ. “ಮುಚ್ಚಿ ಹೋಗೋ ಗ್ವಾಡಿ ಇದು. ಇನ್ಯಾರ ಕಣ್ ಬೀಳತೈತಪ್ಪಾ ಇದರ ಮ್ಯಾಲ?”

“ಈ ತಗಡು ಎಷ್ಟ್ ವರ್ಷ ಇರತೈತಿ ಅಂತಿ?”

ಹೇಳಲು ಬಾಯಿ ತೆರೆದೆ. ಡ್ರಿಲ್ ಮತ್ತೆ ಶುರುವಾಯಿತು, ಅಪ್ಪ ಸೀಮೆಸುಣ್ಣ ಹಿಡಿದು ಮುಂದಿನ ವರಸೆಗೆ ಹೋದ.